ಸರಾಸರಿಯ ಕಥೆ: ಕ್ರಿಕೆಟ್ ಮೈದಾನದಿಂದ ಅನಂತ ವೃಕ್ಷದವರೆಗೆ



ಗಣಿತದ ಪಾಠಗಳಲ್ಲಿ ಸರಾಸರಿಯಷ್ಟು ಸಾಧುವಾದ ಪಾಠ ಬೇರೊಂದಿಲ್ಲ. ಇರುವುದನ್ನೆಲ್ಲ ಕೂಡಬೇಕು, ಎಷ್ಟಿವೆಯೆಂದು ಎಣಿಸಬೇಕು, ಭಾಗಿಸಬೇಕು, ಅಲ್ಲಿಗೆ ಮುಗಿಯಿತು. ನನ್ನ ತರಗತಿಯಲ್ಲಿ ಕುಳಿತಿದ್ದ ನೀವೆಲ್ಲರೂ ಮಳೆಯ ಸರಾಸರಿ, ಅಂಕಗಳ ಸರಾಸರಿ, ಓಟದ ವೇಗದ ಸರಾಸರಿ ಎಂದು ಪುಟಗಟ್ಟಲೆ ಲೆಕ್ಕ ಮಾಡಿದವರೇ. ಆದರೆ ಈ ಸಾಧು ಪ್ರಾಣಿಯ ಬೆನ್ನು ಹತ್ತಿ ಹೋದ ಗಣಿತಜ್ಞರು ಸುಮಾರು ತೊಂಬತ್ತು ವರ್ಷಗಳ ಕಾಲ ನಡೆದು, ಕೊನೆಗೆ ಕೊನೆಯೇ ಇಲ್ಲದ ಒಂದು ಮರದ ಬುಡಕ್ಕೆ ಬಂದು ನಿಂತರು. ಇಂದು ಆ ಪಯಣದ ಇತಿಹಾಸವನ್ನು ನನಗೆ ತಿಳಿದಷ್ಟು ಮಟ್ಟಿಗೆ ನಿರೂಪಿಸುತ್ತೇನೆ.

ಇದನ್ನು ಬರೆಯಲು ಒಂದು ಕಾರಣವೂ ಇದೆ. ನನ್ನ ತಂಗಿಯ ಮಗಳು, ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿಯೂ ಆಗಿದ್ದವಳು, ಈ ವಿಷಯದಲ್ಲಿಯೇ ಸಂಶೋಧನೆ ಮಾಡಿದ್ದಾಳೆ. ಮದುವೆಮನೆಗಳಲ್ಲಿ ಅವಳನ್ನು ಸುತ್ತುಗಟ್ಟಿ, "ಏನಮ್ಮಾ, ಇನ್ನೂ ಮರದ ಮೇಲೆಯೇ ಕೂತು ಲೆಕ್ಕ ಮಾಡ್ತಿದೀಯಾ?" ಎಂದು ನಕ್ಕವರಿದ್ದಾರೆ. ಅವರಲ್ಲಿ ಕೆಲವರು ಈ ಪುಟದ ಓದುಗರೂ ಹೌದು. ಅವಳು ನಗುತ್ತಾಳೆಯೇ ಹೊರತು ಉತ್ತರ ಹೇಳುವುದಿಲ್ಲ. ಊಟದ ಪಂಕ್ತಿಯಲ್ಲಿ ಹೇಳಿ ಮುಗಿಸುವ ಉತ್ತರವೂ ಅದಲ್ಲ. ಅವಳು ಕೊಟ್ಟ ಲೇಖನಗಳನ್ನು ನಿವೃತ್ತಿಯ ಬಿಡುವಿನಲ್ಲಿ ನಿಧಾನವಾಗಿ ಓದಿ, ಅವಳಿಂದಲೇ ಸಂಶಯ ಬಗೆಹರಿಸಿಕೊಂಡು, ಅವಳ ಪರವಾಗಿ ಆ ಉತ್ತರವನ್ನು ನಾನು ಹೇಳುತ್ತಿದ್ದೇನೆ.

ದಾಂಡಿಗನ ಸಮಾಧಾನ

ಶ್ರೀನಿವಾಸ ರಾಮಾನುಜನ್ ಅವರ ಕಥೆ ಬಲ್ಲವರೆಲ್ಲರಿಗೂ ಜಿ. ಎಚ್. ಹಾರ್ಡಿಯವರ ಹೆಸರು ಪರಿಚಿತ. 1913ರಲ್ಲಿ ಮದರಾಸಿನಿಂದ ಬಂದ ಪತ್ರವನ್ನು ಹಾರ್ಡಿಯವರು ಕುಳಿತು ಚರ್ಚಿಸಿದ್ದು ಜೆ. ಇ. ಲಿಟಲ್‌ವುಡ್ ಅವರೊಡನೆ. ಈ ಇಬ್ಬರ ಜೋಡಿ ಗಣಿತದ ಇತಿಹಾಸದಲ್ಲಿಯೇ ಅಪರೂಪದ್ದು. 1930ರಲ್ಲಿ, ಹಾರ್ಡಿಯವರು ಆಕ್ಸ್‌ಫರ್ಡಿನಲ್ಲಿಯೂ ಲಿಟಲ್‌ವುಡ್ ಅವರು ಕೇಂಬ್ರಿಜ್ಜಿನಲ್ಲಿಯೂ ಇದ್ದಾಗ, ಸ್ವೀಡನ್ನಿನ 'ಆಕ್ಟಾ ಮ್ಯಾಥಮ್ಯಾಟಿಕಾ' ಪತ್ರಿಕೆಯ 54ನೆಯ ಸಂಪುಟದಲ್ಲಿ ಇಬ್ಬರೂ ಸೇರಿ ಒಂದು ದೀರ್ಘ ಲೇಖನ ಪ್ರಕಟಿಸಿದರು. ಹಾರ್ಡಿಯವರಿಗೆ ಕ್ರಿಕೆಟ್ಟಿನ ಹುಚ್ಚು. ಆದ್ದರಿಂದಲೇ ಅಂಥ ಗಂಭೀರ ಲೇಖನದಲ್ಲಿಯೂ ತಮ್ಮ ಪ್ರಶ್ನೆಯನ್ನು ಕ್ರಿಕೆಟ್ಟಿನ ಭಾಷೆಯಲ್ಲಿ ವಿವರಿಸಿದರು.

ಒಬ್ಬ ದಾಂಡಿಗ ಪ್ರತಿ ಇನ್ನಿಂಗ್ಸ್ ಮುಗಿದ ಮೇಲೆ ಹಿಂದಿರುಗಿ ನೋಡುತ್ತಾನೆ. ಈ ಇನ್ನಿಂಗ್ಸ್ ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಸರಾಸರಿ ಎಷ್ಟು, ಹಿಂದಿನದನ್ನೂ ಸೇರಿಸಿದರೆ ಎಷ್ಟು, ಅದರ ಹಿಂದಿನದನ್ನೂ ಸೇರಿಸಿದರೆ ಎಷ್ಟು ಎಂದು ನೋಡಿ, ಅವುಗಳಲ್ಲಿ ದೊಡ್ಡದನ್ನು ಆರಿಸಿಕೊಂಡು ಸಮಾಧಾನಪಡುತ್ತಾನೆ. ಅವನ ಒಟ್ಟು ಸಮಾಧಾನ ಎಂದು ಗರಿಷ್ಠವಾಗುತ್ತದೆ?

ಕೈಯಾರೆ ಮಾಡಿ ನೋಡೋಣ. ಅವನು 10, 40, 70 ಎಂದು ಏರಿಕೆಯ ಕ್ರಮದಲ್ಲಿ ಓಟ ಗಳಿಸಿದನೆನ್ನಿ. ಆಗ ಅವನ ಸಮಾಧಾನಗಳು ಕ್ರಮವಾಗಿ 10, 40, 70; ಮೊತ್ತ 120. ಅದೇ ಓಟಗಳನ್ನು 70, 40, 10 ಎಂದು ಇಳಿಕೆಯಲ್ಲಿ ಗಳಿಸಿದರೆ ಮೊದಲು 70. ಎರಡನೆಯ ಸಲ 70 ಮತ್ತು 40ರ ಸರಾಸರಿ 55. ಮೂರನೆಯ ಸಲ ಮೂರರ ಸರಾಸರಿ 40. ಮೊತ್ತ 165. ಓಟಗಳು ಅವೇ, ಸಮಾಧಾನ ಮಾತ್ರ ಬೇರೆ. ಇಳಿಕೆಯ ಕ್ರಮವೇ ಗರಿಷ್ಠ ಸಮಾಧಾನ ಕೊಡುತ್ತದೆ ಎಂಬುದು ಅವರ ಪ್ರಮೇಯದ ತಿರುಳು. ಪ್ರತಿಯೊಂದು ಸ್ಥಾನದಲ್ಲಿಯೂ ನಿಂತು, ಅಲ್ಲಿಂದ ತೆಗೆಯಬಹುದಾದ ಸರಾಸರಿಗಳಲ್ಲಿ ಅತ್ಯಂತ ದೊಡ್ಡದನ್ನು ಆರಿಸುವ ಈ ಕ್ರಿಯೆಗೆ ಇಂದು ಹಾರ್ಡಿ–ಲಿಟಲ್‌ವುಡ್ ಮ್ಯಾಕ್ಸಿಮಲ್ ಆಪರೇಟರ್ ಎಂದು ಹೆಸರು. ನಾವು ಗರಿಷ್ಠ ಸರಾಸರಿ ಎಂದು ಕರೆಯೋಣ.

ಒಂದು ಮೂಟೆ ಭತ್ತ

ಇದು ಬರಿಯ ಮೋಜಿನ ಲೆಕ್ಕವಲ್ಲ. ಫ್ರಾನ್ಸಿನ ಲೆಬೆಗ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅನುಕಲನಕ್ಕೆ ಹೊಸ ತಳಹದಿ ಹಾಕಿದಾಗ ಒಂದು ಮೂಲಭೂತ ಸಂಗತಿಯನ್ನು ಸಾಧಿಸಿದ್ದರು: ಒಂದು ಬಿಂದುವಿನ ಸುತ್ತ ವೃತ್ತ ಎಳೆದು ಸರಾಸರಿ ತೆಗೆಯುತ್ತ, ವೃತ್ತವನ್ನು ಕಿರಿದು ಮಾಡುತ್ತ ಹೋದರೆ, ಹೆಚ್ಚುಕಡಿಮೆ ಎಲ್ಲ ಬಿಂದುಗಳಲ್ಲಿಯೂ ಆ ಸರಾಸರಿ ಅಲ್ಲಿನ ನಿಜವಾದ ಬೆಲೆಯನ್ನೇ ತಲಪುತ್ತದೆ. ಈ ಮಾತಿಗೆ ಆಧಾರವಾಗಿ ನಿಲ್ಲುವುದು ಗರಿಷ್ಠ ಸರಾಸರಿಯ ಮೇಲಿನ ಹತೋಟಿ. ಹತೋಟಿ ಎಂದರೇನು ಎಂಬುದನ್ನು ಒಂದು ಊರಿನ ಉದಾಹರಣೆಯಿಂದ ಹೇಳುತ್ತೇನೆ.

ಎರಡು ಕಡೆಗೂ ಕೊನೆಯಿಲ್ಲದ ಒಂದು ನೇರ ಬೀದಿ, ಸಾಲಾಗಿ ಮನೆಗಳು. ಒಂದೇ ಮನೆಯಲ್ಲಿ ಒಂದು ಮೂಟೆ ಭತ್ತವಿದೆ, ಉಳಿದೆಲ್ಲವೂ ಖಾಲಿ. ಪ್ರತಿಯೊಂದು ಮನೆಯವರೂ ತಮ್ಮನ್ನು ಮಧ್ಯದಲ್ಲಿಟ್ಟುಕೊಂಡು, ಎಡಬಲಗಳಲ್ಲಿ ಸಮಸಂಖ್ಯೆಯ ಮನೆಗಳನ್ನು ಸೇರಿಸಿ ಸರಾಸರಿ ತೆಗೆಯುತ್ತಾರೆ. ಭತ್ತದ ಮನೆಯಿಂದ ಮೂರು ಮನೆ ಆಚೆಯವರು ಅದನ್ನು ತಮ್ಮ ಲೆಕ್ಕಕ್ಕೆ ತರಬೇಕಾದರೆ ಎಡಕ್ಕೆ ಮೂರು, ಬಲಕ್ಕೆ ಮೂರು, ತಮ್ಮದೊಂದು, ಹೀಗೆ ಏಳು ಮನೆ ಸೇರಿಸಬೇಕು. ಆದ್ದರಿಂದ ಅವರ ಗರಿಷ್ಠ ಸರಾಸರಿ 1/7. ಕನಿಷ್ಠ 1/7ರಷ್ಟು ಸರಾಸರಿ ದಕ್ಕುವ ಮನೆಗಳೆಷ್ಟು? ಸರಿಯಾಗಿ 7. ಏಳನ್ನು 1/7ರಿಂದ ಗುಣಿಸಿದರೆ 1, ಎಂದರೆ ಇದ್ದ ಒಂದೇ ಮೂಟೆ. ಎಲ್ಲ ಮನೆಗಳ ಗರಿಷ್ಠ ಸರಾಸರಿಗಳನ್ನು ಕೂಡಿದರಾದರೋ 1 + 2/3 + 2/5 + 2/7 ಎಂದು ಮಿತಿಯಿಲ್ಲದೆ ಬೆಳೆಯುತ್ತದೆ. ಹೀಗಾಗಿ ಒಟ್ಟು ಮೊತ್ತಕ್ಕೆ ಕಡಿವಾಣವಿಲ್ಲ. ಆದರೆ 'ಇಷ್ಟಕ್ಕಿಂತ ಹೆಚ್ಚು ಸರಾಸರಿ ಪಡೆದವರ ಸಂಖ್ಯೆ'ಗೆ ಕಡಿವಾಣವಿದೆ. ಮೂಟೆಗಳು ಎಷ್ಟೇ ಇರಲಿ, ಎಲ್ಲಿಯೇ ಚದುರಿರಲಿ, ಆ ಸಂಖ್ಯೆಯನ್ನು ಸರಾಸರಿಯ ಮಟ್ಟದಿಂದ ಗುಣಿಸಿದರೆ ಒಟ್ಟು ಮೂಟೆಗಳ ಒಂದು ನಿಶ್ಚಿತ ಮಡಿಯನ್ನು ಮೀರದು. ಇದನ್ನು ದುರ್ಬಲ ಅಸಮತೆ ಎನ್ನುತ್ತಾರೆ. ಹೆಸರು ದುರ್ಬಲ, ಕೆಲಸ ಮಾತ್ರ ಬಲವಾದದ್ದು.

1932ರಲ್ಲಿ ಹಂಗೇರಿಯ ಫ್ರಿಜೆಶ್ ರೀಸ್ ಇದಕ್ಕೆ ಸೊಗಸಾದ ಸಾಧನೆಯೊಂದನ್ನು ಕೊಟ್ಟರು. ಗುಡ್ಡಗಳ ಸಾಲಿನ ಮೇಲೆ ಮೂಡಣದ ಬಿಸಿಲು ಅಡ್ಡವಾಗಿ ಬಿದ್ದಾಗ ಯಾವ ಕಣಿವೆಗಳು ನೆರಳಿನಲ್ಲಿ ಉಳಿಯುತ್ತವೆ ಎಂದು ನೋಡುವಂತಹ ವಾದ ಅದು. ಇಂದು ಅದು ಉದಯಸೂರ್ಯನ ಹೆಸರಿನಿಂದಲೇ ಪ್ರಸಿದ್ಧ. 1939ರಲ್ಲಿ ಅಮೆರಿಕದ ನಾರ್ಬರ್ಟ್ ವೀನರ್ ಇದನ್ನು ಸಮತಲಕ್ಕೂ ಮೇಲಿನ ಆಯಾಮಗಳಿಗೂ ವಿಸ್ತರಿಸಿದರು. ಅಲ್ಲಿ ಬಳಕೆಯಾದದ್ದು ಇಟಲಿಯ ವಿತಾಲಿಯವರು 1908ರಲ್ಲಿ ಹೊಳೆಯಿಸಿದ ಉಪಾಯ: ಒಂದರ ಮೇಲೊಂದು ಬಿದ್ದಿರುವ ವೃತ್ತಗಳ ರಾಶಿಯಿಂದ ಪರಸ್ಪರ ಮುಟ್ಟದ ಕೆಲವನ್ನು, ದೊಡ್ಡದರಿಂದ ಆರಂಭಿಸಿ, ಆರಿಸಿಕೊಳ್ಳಬೇಕು, ಆರಿಸಿದವುಗಳ ತ್ರಿಜ್ಯವನ್ನು ಮೂರು ಪಟ್ಟು ಮಾಡಿದರೆ ಉಳಿದವೆಲ್ಲ ಅವುಗಳೊಳಗೆ ಅಡಗುತ್ತವೆ. ತ್ರಿಜ್ಯ ಮೂರು ಪಟ್ಟಾದರೆ ಸಮತಲದಲ್ಲಿ ಕ್ಷೇತ್ರಫಲ 9 ಪಟ್ಟು. ಒಂಬತ್ತು ನಿಶ್ಚಿತ ಸಂಖ್ಯೆ, ಆದ್ದರಿಂದ ಸಾಧನೆ ಮುಗಿಯಿತು. ಈ 'ಒಂಬತ್ತು ಪಟ್ಟು' ಎಂಬ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ.

ತೂಕದ ಪ್ರವೇಶ

ಇಲ್ಲಿಯವರೆಗೆ ಮನೆಗಳನ್ನು ಎಣಿಸಿದೆವು. ಮನೆಗಳ ಬದಲು ಮನೆಯೊಳಗಿನ ಜನರನ್ನು ಎಣಿಸಿದರೆ? ಒಂದು ಮನೆಯಲ್ಲಿ ಇಬ್ಬರು, ಮತ್ತೊಂದರಲ್ಲಿ ಇಪ್ಪತ್ತು ಜನ. ಹೀಗೆ ಪ್ರತಿ ಸ್ಥಾನಕ್ಕೂ ಬೇರೆಬೇರೆ ಬೆಲೆ ಕಟ್ಟುವುದನ್ನೇ ತೂಕ ಎನ್ನುತ್ತಾರೆ. 1971ರಲ್ಲಿ ಚಾರ್ಲ್ಸ್ ಫೆಫರ್‌ಮನ್ ಮತ್ತು ಅವರ ಗುರು ಎಲಿಯಾಸ್ ಸ್ಟೈನ್ ಒಂದು ಚೆಲುವಾದ ಅಸಮತೆಯನ್ನು ಸಾಧಿಸಿದರು. ಯಾವ ತೂಕವೇ ಇರಲಿ, ಎಡಗಡೆಯಲ್ಲಿ ಜನರನ್ನು ಎಣಿಸಿದರೆ, ಬಲಗಡೆಯಲ್ಲಿ ಪ್ರತಿಯೊಂದು ಮೂಟೆಯನ್ನೂ ಅದರ ಸುತ್ತಲಿನ ಜನಸಂಖ್ಯೆಯ ಗರಿಷ್ಠ ಸರಾಸರಿಯಿಂದ ಗುಣಿಸಿದರೆ ಸಾಕು. ಹತೋಟಿ ಮತ್ತೆ ಕೈಗೆ ಬರುತ್ತದೆ. ಆಗ ಫೆಫರ್‌ಮನ್ ಅವರಿಗೆ ಇಪ್ಪತ್ತೆರಡರ ಪ್ರಾಯ.

ಮರುವರ್ಷ, 1972ರಲ್ಲಿ, ಬೆಂಜಮಿನ್ ಮಕನ್‌ಹೌಪ್ಟ್ ಇನ್ನೊಂದು ಪ್ರಶ್ನೆಗೆ ಉತ್ತರ ಕೊಟ್ಟರು. ಎಡಬಲ ಎರಡೂ ಕಡೆ ಒಂದೇ ತೂಕವನ್ನಿಟ್ಟರೆ ಅಸಮತೆ ನಿಲ್ಲುವುದು ಯಾವ ತೂಕಗಳಿಗೆ? ಅವರ ಅಳತೆಗೋಲಿನ ಸರಳ ರೂಪ ಹೀಗಿದೆ: ಯಾವುದೇ ವೃತ್ತದಲ್ಲಿ ತೂಕದ ಸರಾಸರಿಯನ್ನು, ತೂಕದ ವಿಲೋಮದ ಸರಾಸರಿಯಿಂದ ಗುಣಿಸಿ. ಎಲ್ಲ ತೂಕಗಳೂ ಸಮವಾಗಿದ್ದರೆ ಗುಣಲಬ್ಧ 1. ತೂಕಗಳು 1 ಮತ್ತು 9 ಆಗಿದ್ದರೆ 5 ಗುಣಿಸು 5/9, ಸುಮಾರು 2.8. 1 ಮತ್ತು 99 ಆಗಿದ್ದರೆ ಸುಮಾರು 25. ಏರುಪೇರು ಹೆಚ್ಚಿದಷ್ಟೂ ಗುಣಲಬ್ಧ ಹೆಚ್ಚು. ಇದು ಎಲ್ಲ ವೃತ್ತಗಳಲ್ಲಿಯೂ ಒಂದು ಮಿತಿಯೊಳಗಿರಬೇಕು. ಇದ್ದರೆ ಅಸಮತೆ ಉಂಟು, ಇಲ್ಲದಿದ್ದರೆ ಇಲ್ಲ. ಅಷ್ಟೇ ಅಲ್ಲ, ಸಾಮಾನ್ಯ ಅವಕಾಶದಲ್ಲಿ ದುರ್ಬಲ ಅಸಮತೆಗೂ ಪ್ರಬಲ ಅಸಮತೆಗೂ ಇದೊಂದೇ ಅಳತೆಗೋಲು ಸಾಲುತ್ತದೆ. ಮುಂದಿನ ದಶಕಗಳಲ್ಲಿ ಇದರ ಮೇಲೆ ಒಂದು ದೊಡ್ಡ ಶಾಸ್ತ್ರವೇ ಬೆಳೆಯಿತು.

ಮರದ ಮೇಲೆ

ಈಗ ಬೀದಿಯನ್ನು ಬಿಟ್ಟು ವಂಶವೃಕ್ಷಕ್ಕೆ ಬನ್ನಿ. ಒಬ್ಬ ಮೂಲಪುರುಷ, ಅವನಿಗೆ ಇಬ್ಬರು ಮಕ್ಕಳು, ಪ್ರತಿಯೊಬ್ಬರಿಗೂ ಮತ್ತೆ ಇಬ್ಬರು, ಹೀಗೆ ಕೊನೆಯಿಲ್ಲದೆ. ನಮ್ಮ ಮನೆತನಗಳಲ್ಲಿ ಸೋದರಿಕೆಯ ಸಂಬಂಧಗಳಿಂದಾಗಿ ಕವಲೊಡೆದ ಕೊಂಬೆಗಳು ಮತ್ತೆ ಕೂಡಿಕೊಳ್ಳುವುದುಂಟು. ಗಣಿತದ ಮರದಲ್ಲಿ ಅದಕ್ಕೆ ಅವಕಾಶವಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಹೋಗಲು ಒಂದೇ ದಾರಿ, ಅದರ ಮೆಟ್ಟಿಲುಗಳೇ ದೂರ. ಅಣ್ಣತಮ್ಮಂದಿರ ನಡುವಿನ ದೂರ 2: ತಂದೆಯವರೆಗೆ ಒಂದು ಮೆಟ್ಟಿಲು ಮೇಲೆ, ಒಂದು ಕೆಳಗೆ. ನಿಮಗೂ ನಿಮ್ಮ ದೊಡ್ಡಪ್ಪನಿಗೂ ದೂರ 3, ದೊಡ್ಡಪ್ಪನ ಮಗನಿಗೆ 4.

ಮೂಲಪುರುಷನಿಂದ ಬಹಳ ಕೆಳಗಿನ ತಲೆಮಾರಿನ ಒಬ್ಬನನ್ನು ಕೇಂದ್ರವಾಗಿಟ್ಟು ವೃತ್ತ ಎಳೆಯೋಣ. ಒಂದು ಮೆಟ್ಟಿಲಿನೊಳಗೆ 4 ಜನ (ಅವನು, ತಂದೆ, ಇಬ್ಬರು ಮಕ್ಕಳು), ಎರಡರೊಳಗೆ 10, ಮೂರರೊಳಗೆ 22, ಹತ್ತರೊಳಗೆ 3070. ಈ 3070 ಜನರಲ್ಲಿ 1536 ಮಂದಿ ಸರಿಯಾಗಿ ಹತ್ತನೆಯ ಮೆಟ್ಟಿಲಿನಲ್ಲಿಯೇ ಇದ್ದಾರೆ! ಸಮತಲದಲ್ಲಿ 100 ಮೀಟರ್ ತ್ರಿಜ್ಯದ ಮೈದಾನದ ಅಂಚಿನ ಒಂದು ಮೀಟರ್ ಪಟ್ಟಿ ಇಡೀ ಮೈದಾನದ ಶೇಕಡಾ 2ರಷ್ಟು ಮಾತ್ರ. ಮರದಲ್ಲಿ ವೃತ್ತ ಎಷ್ಟೇ ದೊಡ್ಡದಾಗಲಿ, ಅರ್ಧಕ್ಕೂ ಹೆಚ್ಚು ಜನ ಅಂಚಿನಲ್ಲಿಯೇ ನಿಂತಿರುತ್ತಾರೆ. ಬಯಲಿನಲ್ಲಿ ಗುಂಪು ಒಳಗಿರುತ್ತದೆ, ಮರದಲ್ಲಿ ಗುಂಪು ಅಂಚಿನಲ್ಲಿರುತ್ತದೆ. ಮುಂದಿನ ಕಥೆಯೆಲ್ಲ ಈ ಒಂದು ವ್ಯತ್ಯಾಸದಿಂದ ಹುಟ್ಟಿದ್ದು.

ನೆನಪಿಟ್ಟುಕೊಂಡ 'ಒಂಬತ್ತು ಪಟ್ಟು' ಇಲ್ಲಿ ಏನಾಯಿತು? ತ್ರಿಜ್ಯವನ್ನು 10ರಿಂದ 30ಕ್ಕೆ ಏರಿಸಿದರೆ ಜನಸಂಖ್ಯೆ ಹತ್ತು ಲಕ್ಷ ಪಟ್ಟಿಗೂ ಹೆಚ್ಚಾಗುತ್ತದೆ. ತ್ರಿಜ್ಯ ಬೆಳೆದಂತೆ ಈ ಪಟ್ಟು ಕೂಡ ಮಿತಿಮೀರಿ ಬೆಳೆಯುತ್ತದೆ. ವಿತಾಲಿಯವರ ಉಪಾಯ ಇಲ್ಲಿ ಪೂರ್ತಿ ಕೈಕೊಡುತ್ತದೆ. ಈ ಅಪಾಯ ಹುಸಿಯೂ ಅಲ್ಲ. ತಮ್ಮನ್ನೇ ಮಧ್ಯದಲ್ಲಿಟ್ಟುಕೊಳ್ಳಬೇಕು ಎಂಬ ನಿಯಮವನ್ನು ಸಡಿಲಿಸಿ, ತಾವು ಒಳಗಿರುವ ಯಾವ ವೃತ್ತವನ್ನಾದರೂ ಆರಿಸಬಹುದು ಎಂದುಕೊಳ್ಳಿ. ಬೀದಿಯಲ್ಲಿ ಇದರಿಂದ ಹೆಚ್ಚಿನ ಕೇಡಿಲ್ಲ. ಮರದಲ್ಲಾದರೋ ಭತ್ತದ ಮೂಟೆಯಿಂದ 20 ಮೆಟ್ಟಿಲಿನೊಳಗಿರುವ ಯಾರೇ ಆಗಲಿ, ನಡುದಾರಿಯಲ್ಲಿರುವವನ 10 ಮೆಟ್ಟಿಲಿನ ವೃತ್ತವನ್ನು ಎರವಲು ಪಡೆದು 1/3070 ಸರಾಸರಿ ಗಿಟ್ಟಿಸಿಕೊಳ್ಳುತ್ತಾರೆ. ಅಂಥವರ ಸಂಖ್ಯೆ 31,45,726! ಮೂಟೆ ಒಂದೇ. ಹತೋಟಿ ತಪ್ಪಿತು, ಅಸಮತೆಯೇ ಬಿದ್ದುಹೋಯಿತು.

ಹಾಗಾದರೆ ತಮ್ಮನ್ನು ಮಧ್ಯದಲ್ಲಿಟ್ಟುಕೊಂಡ ಮೂಲ ಲೆಕ್ಕವೂ ಬೀಳುತ್ತದೆಯೇ? ಒಂದು ಮೂಟೆಯಿದ್ದಾಗ ಮೂರು ಮೆಟ್ಟಿಲು ಆಚೆಯವನ ಸರಾಸರಿ 1/22. ಅಷ್ಟು ಪಡೆಯುವವರು 22 ಮಂದಿ. ಗುಣಲಬ್ಧ ಬೀದಿಯಲ್ಲಿದ್ದಂತೆಯೇ 1. ಪ್ರಮೇಯ ಬದುಕಬಹುದೆಂಬ ಆಸೆ ಇಲ್ಲಿ ಚಿಗುರುತ್ತದೆ, ಆದರೆ ಸಾವಿರ ಮೂಟೆಗಳು ಸಾವಿರ ಕಡೆ ಇದ್ದರೆ ಏನೆಂದು ಸಾಧಿಸುವ ಹಳೆಯ ಆಯುಧ ಮುರಿದಿದೆ. 1991ರಲ್ಲಿ ರಾಕ್‌ಬರ್ಗ್ ಮತ್ತು ಟೇಬಲ್‌ಸನ್ ಮರದ ಮೇಲಿನ ಯಾದೃಚ್ಛಿಕ ನಡಿಗೆಯನ್ನು ಅಧ್ಯಯನ ಮಾಡುತ್ತ ಈ ದಿಕ್ಕಿನಲ್ಲಿ ದಾರಿ ತೆರೆದರು. 2010ರಲ್ಲಿ ಕೌಲಿಂಗ್, ಮೇಡ, ಸೆಟ್ಟಿ ಎಂಬ ಮೂವರು ಒಂದು ಬಗೆಯಿಂದಲೂ, ಅಸಾಫ್ ನವೋರ್ ಮತ್ತು ಟೆರೆನ್ಸ್ ತಾವೊ ಇನ್ನೊಂದು ಬಗೆಯಿಂದಲೂ ಸಾಧನೆ ಕೊಟ್ಟರು. (ಇಟಲಿಯ ಈ ಸೆಟ್ಟಿಯವರು ನಮ್ಮ ಕಡೆಯ ಸೆಟ್ಟರಲ್ಲ!) ಒಬ್ಬೊಬ್ಬರಿಗೆ ಇಬ್ಬರು ಮಕ್ಕಳಿರಲಿ, ಇನ್ನೂರು ಮಕ್ಕಳಿರಲಿ, ಹತೋಟಿಯ ಸ್ಥಿರಾಂಕ ಒಂದೇ ಎಂಬುದು ನವೋರ್–ತಾವೊ ಫಲಿತಾಂಶದ ಹೆಗ್ಗಳಿಕೆ.

ಅವರ ವಾದದ ಬೀಜ ಹೈಸ್ಕೂಲಿನ ಎಣಿಕೆಯೇ. ಎರಡು ಗುಂಪುಗಳಿವೆ; ಮೊದಲನೆಯದರಿಂದ ಒಬ್ಬ, ಎರಡನೆಯದರಿಂದ ಒಬ್ಬ, ಇಬ್ಬರ ನಡುವೆ ನಿಶ್ಚಿತ ದೂರ; ಅಂಥ ಜೋಡಿಗಳೆಷ್ಟು? ದಾರಿ ಯಾವಾಗಲೂ ಕೆಲವು ಮೆಟ್ಟಿಲು ಮೇಲೆ, ಅನಂತರ ಕೆಲವು ಮೆಟ್ಟಿಲು ಕೆಳಗೆ. ಮೇಲೆ ಹೋಗುವಾಗ ಆಯ್ಕೆಯೇ ಇಲ್ಲ, ಏಕೆಂದರೆ ತಂದೆ ಒಬ್ಬನೇ. ಕೆಳಗಿಳಿಯುವಾಗ ಮಾತ್ರ ಕವಲುಗಳು. ಮೊದಲ ಗುಂಪಿನಿಂದ ಹೊರಟರೂ ಎಣಿಸಬಹುದು, ಎರಡನೆಯದರಿಂದ ಹೊರಟರೂ ಎಣಿಸಬಹುದು. ಎರಡರಲ್ಲಿ ಚಿಕ್ಕದನ್ನು ಇಟ್ಟುಕೊಳ್ಳಿ. ಮೇಲಿನ ದಾರಿ ಉದ್ದವಾದಾಗ ಒಂದು ಎಣಿಕೆ ಚಿಕ್ಕದು, ಕೆಳಗಿನ ದಾರಿ ಉದ್ದವಾದಾಗ ಇನ್ನೊಂದು ಚಿಕ್ಕದು. ವೃತ್ತಗಳನ್ನು ಹೊದಿಸುವ ಗೊಡವೆಯೇ ಇಲ್ಲದೆ, ಮರದ ಗುಣವನ್ನೇ ಆಯುಧ ಮಾಡಿಕೊಂಡು ಪ್ರಮೇಯವನ್ನು ಉಳಿಸಿದರು.

ಮರದ ಮೇಲೆ ತೂಕ

ಉಳಿದದ್ದು ತೂಕದ ಪ್ರಶ್ನೆ. 2021ರಲ್ಲಿ ಓಂಬ್ರೊಸಿ, ರಿವೆರಾ-ರಿಯೋಸ್ ಮತ್ತು ಸಾಫೆ ಎಂಬ ಗಣಿತಜ್ಞರ ಲೇಖನ ಪ್ರಕಟವಾಯಿತು. ಫೆಫರ್‌ಮನ್–ಸ್ಟೈನ್ ಅಸಮತೆ ಮರದ ಮೇಲೆ ಇದ್ದಕ್ಕಿದ್ದಂತೆ ನಿಲ್ಲುವುದಿಲ್ಲ ಎಂದು ಅವರು ತೋರಿಸಿದರು. ಆದರೆ ಬಲಗಡೆಯನ್ನು ಒಂದಿಷ್ಟೇ ಹಿಗ್ಗಿಸಿದರೆ ನಿಲ್ಲುತ್ತದೆ: ತೂಕವನ್ನು 1ಕ್ಕಿಂತ ತುಸು ದೊಡ್ಡ ಘಾತಕ್ಕೆ ಏರಿಸಿ, ಅದರ ಗರಿಷ್ಠ ಸರಾಸರಿ ತೆಗೆದು, ಅನಂತರ ಅದೇ ಘಾತದ ಮೂಲ ತೆಗೆಯಬೇಕು. 1 ಮತ್ತು 9ರ ಸರಾಸರಿ 5. ವರ್ಗಗಳ ಸರಾಸರಿ 41, ಅದರ ವರ್ಗಮೂಲ ಸುಮಾರು 6.4. ಹೀಗೆ ಬಲಗಡೆ ತುಸು ದೊಡ್ಡದಾಗುತ್ತದೆ. ಘಾತ 1ಕ್ಕಿಂತ ಕೂದಲೆಳೆಯಷ್ಟು ಹೆಚ್ಚಿದ್ದರೂ ಸಾಕು. ಸರಿಯಾಗಿ 1 ಆದರೆ ಎಲ್ಲ ತೂಕಗಳಿಗೂ ಸಲ್ಲುವ ಅಸಮತೆ ಇಲ್ಲ. ಅನಂತರ ಓಂಬ್ರೊಸಿ ಮತ್ತು ರಿವೆರಾ-ರಿಯೋಸ್ ಮುಂದುವರಿಸಿದ ಕೆಲಸದಲ್ಲಿ, ಮಕನ್‌ಹೌಪ್ಟ್ ಅವರ ಅಳತೆಗೋಲು ಮರಕ್ಕೆ ಕರಾರುವಾಕ್ಕಾಗಿ ಹೊಂದುವುದಿಲ್ಲವೆಂದೂ, ಅದರ ಹೊರಗಿನ ತೂಕಗಳಿಗೂ ಅಸಮತೆ ಸಲ್ಲುತ್ತದೆಂದೂ, ಬಯಲಿನಲ್ಲಿ ಜೊತೆಜೊತೆಯಾಗಿಯೇ ಇರುವ ದುರ್ಬಲ ಮತ್ತು ಪ್ರಬಲ ಅಸಮತೆಗಳು ಮರದ ಮೇಲೆ ಬೇರ್ಪಡುತ್ತವೆಂದೂ ತಿಳಿದುಬಂದಿತು.

ಇದರಿಂದ ಏನು ಸಿಕ್ಕಿತು?

ಮದುವೆಮನೆಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಪ್ರಮೇಯ ಬೇರೆ, ಅದರ ಸಾಧನೆ ಬೇರೆ. ಎಂಬತ್ತು ವರ್ಷಗಳ ಕಾಲ ಎಲ್ಲರೂ ಬಳಸಿದ ಸಾಧನೆ ಮರದ ಮೇಲೆ ಸೋತಿತು, ಆದರೆ ಪ್ರಮೇಯ ಸೋಲಲಿಲ್ಲ. ಇನ್ನೊಂದು ಕಡೆ, ಬಯಲಿನಲ್ಲಿ ಶಾಶ್ವತ ಸತ್ಯದಂತೆ ತೋರುತ್ತಿದ್ದ ತೂಕದ ನಿಯಮ ಮರದ ಮೇಲೆ ನಿಲ್ಲಲಿಲ್ಲ. ಯಾವುದು ನಿಜವಾಗಿಯೂ ಸರಾಸರಿಯ ಗುಣ, ಯಾವುದು ನಾವು ನಿಂತ ನೆಲದ ಗುಣ ಎಂದು ವಿಂಗಡಿಸಬೇಕಾದರೆ ನೆಲವನ್ನೇ ಬದಲಿಸಿ ನೋಡಬೇಕು. ಅವಳು ಮರದ ಮೇಲೆ ಕುಳಿತು ಮಾಡುತ್ತಿರುವುದು ಅದೇ. ಊರು ಬಿಟ್ಟು ಹೋದವರಿಗಷ್ಟೇ ತಮ್ಮ ಊರಿನ ಮಾತಿನ ರಾಗ ಕೇಳಿಸುತ್ತದೆಯಲ್ಲವೆ, ಇದೂ ಹಾಗೆ.

ಈ ಜ್ಞಾನ ಹರಿದುಬಂದ ಬಗೆಯೂ ಒಂದು ವೃಕ್ಷವೇ. 1929–30ರಲ್ಲಿ ಪೋಲೆಂಡಿನ ತರುಣ ಆಂಟೋನಿ ಜಿಗ್ಮಂಡ್ ಇಂಗ್ಲೆಂಡಿಗೆ ಬಂದು ಹಾರ್ಡಿ–ಲಿಟಲ್‌ವುಡ್ ಅವರ ಒಡನಾಟ ಪಡೆದರು. ಮುಂದೆ ಯುದ್ಧದ ಕಾಲದಲ್ಲಿ ಅಮೆರಿಕ ಸೇರಿ ಶಿಕಾಗೋದಲ್ಲಿ ಪಾಠ ಹೇಳಿದರು. ಅಲ್ಲಿ ಅವರ ಶಿಷ್ಯ ಸ್ಟೈನ್. ಸ್ಟೈನ್ ಅವರ ಶಿಷ್ಯರಲ್ಲಿ ಫೆಫರ್‌ಮನ್ ಒಬ್ಬರು, ತಾವೊ ಇನ್ನೊಬ್ಬರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ ಸೇವೆ ಸಲ್ಲಿಸಿದ ಎಸ್. ತಂಗವೇಲು ಅವರೂ ಪ್ರಿನ್ಸ್‌ಟನ್ನಿನಲ್ಲಿ ಸ್ಟೈನ್ ಅವರ ಶಿಷ್ಯರೇ. ಒಂದು ಕೊಂಬೆ ನಮ್ಮ ಅಂಗಳಕ್ಕೂ ಚಾಚಿದೆ.

ಪಾಠ ಮುಗಿಯಿತು, ಮನೆಗೆಲಸ ಕೊಡದೆ ಬಿಟ್ಟರೆ ನಿಮ್ಮ ಮೇಷ್ಟ್ರಿಗೆ ನಿದ್ರೆ ಬಾರದು. ಪ್ರತಿಯೊಬ್ಬರಿಗೂ ಮೂವರು ಮಕ್ಕಳಿರುವ ವಂಶವೃಕ್ಷವನ್ನು ತೆಗೆದುಕೊಳ್ಳಿ. ಒಂದು, ಎರಡು, ಮೂರು ಮೆಟ್ಟಿಲಿನೊಳಗೆ ಎಷ್ಟು ಜನ? ಅಂಚಿನಲ್ಲಿ ಎಷ್ಟನೇ ಒಂದು ಭಾಗ? ಮೊದಲ ಸಾಲಿನ ಉತ್ತರ 5, 17, 53 ಎಂದು ಬಂದರೆ ನಿಮ್ಮ ದಾರಿ ಸರಿಯಾಗಿದೆ. ಅಂಚಿನ ಪಾಲು ಅರ್ಧಕ್ಕಿಂತ ಎಷ್ಟು ಹೆಚ್ಚಾಯಿತು, ಮಕ್ಕಳ ಸಂಖ್ಯೆ ಹೆಚ್ಚಿದಂತೆ ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೀವೇ ಕಂಡುಕೊಳ್ಳಿ. ಉತ್ತರ ಸಿಕ್ಕವರು ಬರೆದು ತಿಳಿಸಿ. ಕೆಂಪು ಶಾಯಿಯ ಪೆನ್ನು ಇನ್ನೂ ನನ್ನ ಮೇಜಿನ ಮೇಲೆಯೇ ಇದೆ.